ಹಾಲು ಬಿಳಿಯಾಗುವವರೆಗೆ

ಜನವರಿ ೯

ಪ್ರೀತಿಯ ಮಸಿಯಪ್ಪನಿಗೆ,

ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವವನಿಗೆ ಉಗುರಿನಲ್ಲಿ ಮಸಿ ಎಲ್ಲಿಂದ ಬರಬೇಕು ಎಂದು ನೀನು ಕೇಳಬಹುದು. ಅಮ್ಮನಿಗೆ ನೀನು ಇನ್ನೂ ಮಸಿಯಪ್ಪನೇ. ಹಾಗಾಗಿ ನನಗೂ.

ವಿಷಯಕ್ಕೆ ಬರುತ್ತೇನೆ. ಇನ್ನು ಮುಂದೆ ನಮ್ಮ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಫೋಟೋ ಮಾತ್ರ ಎಂದು ತೀರ್ಮಾನಿಸಿದ್ದೇನೆ. ಬಣ್ಣ ಸಾಕಾಗಿದೆ. ಎಷ್ಟು ಚೆನ್ನಾಗಿ ಮಾಡಿಕೊಟ್ಟರೂ ಈ ಜನಕ್ಕೆ ಸಮಾಧಾನವಿಲ್ಲ. ಬೇಕರಿಯವನು ತನ್ನ ಮತ್ತು ಹೆಂಡತಿಯ ಫೋಟೋ ನೋಡಿ, "ಏನ್ರೀ ಇದು, ನಾವಿಬ್ರೂ ಫ್ರಿಜ್ಜಿನಿಂದ ಈಗ ತಾನೇ ಎದ್ದು ಬಂದ ಹಾಗಿದೀವಿ" ಅಂದ. ಬೆಳಿಗ್ಗೆಯಿಂದ ಸಂಜೆವರೆಗೆ ಒಲೆಯ ಮುಂದೆ ನಿಲ್ಲುವವನು ನನಗೆ ಬಣ್ಣ ಹೇಳಿಕೊಡುತ್ತಾನೆ. ಕಪ್ಪು-ಬಿಳುಪಿನಲ್ಲಾದರೆ ಈ ತಂಟೆಯೇ ಇಲ್ಲ. ಅಪ್ಪ ಬದುಕಿಡೀ ಮಾಡಿದ್ದೂ ಅದನ್ನೇ.

ತೊಂದರೆ ಏನೆಂದರೆ, ಡಿಜಿಟಲ್ ಕ್ಯಾಮೆರಾ ತೆಗೆಯುವುದು ಬಣ್ಣದಲ್ಲಿ. ಆಮೇಲೆ ಬಣ್ಣ ತೆಗೆಯಬೇಕು. ನನಗೆ ಗೊತ್ತಿರುವುದು ಒಂದೇ ಗುಂಡಿ. ಒತ್ತಿದರೆ ಬಣ್ಣವೇನೋ ಹೋಗುತ್ತದೆ, ಉಳಿಯುವುದು ನೆಲ ಒರೆಸಿದ ನೀರು. ಸರಿಯಾದ ಕ್ರಮ ಬರೆದು ಕಳಿಸು. ಫೋನಿನಲ್ಲಿ ಬೇಡ, ಬರೆದಿದ್ದರೆ ಕಂಪ್ಯೂಟರ್ ಪಕ್ಕ ಅಂಟಿಸಿಕೊಳ್ಳುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. ಅಂಗಡಿಯಿಂದ ಮೇಲೆ ಮನೆಗೆ ಹತ್ತುವಾಗ ಮಧ್ಯದ ಮೆಟ್ಟಿಲಲ್ಲಿ ಕೂತು ಕಿಟಕಿಯಿಂದ ಬೀದಿ ನೋಡುವ ಹೊಸ ಚಟ ಹತ್ತಿದೆ. ಯಾರ ಮನೆಗೆ ಯಾರು ಬಂದರು ಎಂಬ ವರದಿ ನನಗೆ ದಿನವೂ ಸಿಗುತ್ತದೆ.

ಇಂತಿ ನಿನ್ನ ಅಕ್ಕ


ಜನವರಿ ೧೮

ಅಕ್ಕ,

ನಿನ್ನ ಕಾಗದ ಓದಿ ಎಷ್ಟು ಖುಷಿಯಾಯಿತೆಂದರೆ, ಪಕ್ಕದ ಟೇಬಲ್ಲಿನವನಿಗೂ ಓದಿ ಹೇಳಿದೆ. ಎಲ್ಲರೂ ಬಣ್ಣದ ಹಿಂದೆ ಬಿದ್ದಿರುವಾಗ ನೀನೊಬ್ಬಳು ಅಪ್ಪನ ದಾರಿಗೆ ತಿರುಗಿದ್ದೀಯ. ನಿನಗೆ ಅವರ ಛಲ ಬಂದಿದೆ, ನನಗೆ ಅವರ ಬೊಕ್ಕತಲೆ.

ಮೊದಲನೆಯದಾಗಿ, ಆ ಒಂದೇ ಗುಂಡಿಯ ಸಹವಾಸ ಬಿಡು. ಅದು ಕಣ್ಣು ಮುಚ್ಚಿಕೊಂಡು ಬಣ್ಣ ಹೀರುತ್ತದೆ. ಕೆಂಪು ಅಂಗಿಯವನನ್ನು ಹಸಿರು ಗಿಡದ ಮುಂದೆ ನಿಲ್ಲಿಸಿ ಆ ಗುಂಡಿ ಒತ್ತಿ ನೋಡು. ಬಣ್ಣದಲ್ಲಿ ಎದ್ದು ಕಾಣುತ್ತಿದ್ದವನು ಗಿಡದೊಳಗೇ ಸೇರಿಹೋಗುತ್ತಾನೆ, ಎರಡೂ ಒಂದೇ ಬೂದು.

ಸಾಫ್ಟ್‌ವೇರಿನಲ್ಲಿ ಕಪ್ಪು-ಬಿಳುಪಿಗೆಂದೇ ಬೇರೆ ಕಿಟಕಿ ಇದೆ. ತೆರೆದರೆ ಬಣ್ಣಕ್ಕೊಂದರಂತೆ ಸ್ಲೈಡರ್ ಸಾಲಾಗಿ ಕಾಣುತ್ತವೆ. ಒಂದೊಂದೂ ಆಯಾ ಬಣ್ಣ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಆಗಬೇಕೆಂದು ಹೇಳುತ್ತದೆ. ಮುಖದಲ್ಲಿ ಹೆಚ್ಚಿರುವುದು ಕೆಂಪು ಮತ್ತು ಹಳದಿ. ಕೆಂಪು ಏರಿಸಿದರೆ ಮುಖ ಬೆಳಗುತ್ತದೆ, ಕಲೆಗಳು ಮಾಯ. ಆದರೆ ಜಾಸ್ತಿ ಏರಿಸಿದರೆ ತುಟಿಯೂ ಬೆಳ್ಳಗಾಗಿ ಕೆನ್ನೆಯಲ್ಲಿ ಕರಗಿಬಿಡುತ್ತದೆ. ಅಪ್ಪ ಲೆನ್ಸಿನ ಮುಂದೆ ಹಳದಿ ಗಾಜು ಹಾಕಿ ಮೋಡ ಎಬ್ಬಿಸುತ್ತಿದ್ದರಲ್ಲ, ಅದೇ ಕೆಲಸ. ಗಾಜು ಈಗ ಪರದೆಯೊಳಗಿದೆ ಅಷ್ಟೇ. ಮುಖಗಳಿಗೆ ನಾನು ಬಳಸುವ ಅಳತೆಗಳನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಅಂಟಿಸಿಕೋ.

ಒಂದು ಮಾತು ಮರೆಯಬೇಡ. ಮೂಲ ಬಣ್ಣದ ಫೈಲಿನ ಮೇಲೆ ಕೈ ಹಾಕಬೇಡ, ನಕಲು ಮಾಡಿಕೊಂಡು ಅದರಲ್ಲಿ ಆಡು. ಮತ್ತು ನನಗೆ ಪ್ರಿಂಟ್ ಕಳಿಸು. ಪರದೆ ಎಲ್ಲರನ್ನೂ ಹೊಗಳುತ್ತದೆ, ಕಾಗದ ನಿಜ ಹೇಳುತ್ತದೆ.

ಅಮ್ಮನ ಒಂದು ಫೋಟೋನೂ ಇರಲಿ. ವಿಡಿಯೋ ಕಾಲ್ ಮಾಡಿದರೆ ಅವಳು ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾಳೆ. ಒಂದು ವರ್ಷದಿಂದ ನಾನು ನೋಡಿರುವುದು ಅವಳ ಎಡಗಿವಿ ಮಾತ್ರ.

ನಿನ್ನ ತಮ್ಮ


ಫೆಬ್ರುವರಿ ೬

ಪ್ರೀತಿಯ ಮಸಿಯಪ್ಪನಿಗೆ,

ಪ್ರಿಂಟುಗಳನ್ನು ಕಳಿಸಿದ್ದೇನೆ. ಬೀಗದ ಅಂಗಡಿಯವನು, ಟೈಲರಮ್ಮ, ಅವಳ ಸೊಸೆ, ಬೇಕರಿಯ ದಂಪತಿಗಳು. ಹೌದು, ಅವನನ್ನು ಕರೆದು ಪುಕ್ಕಟೆಯಾಗಿ ಮತ್ತೆ ಮಾಡಿಕೊಟ್ಟೆ. ಈ ಸಲ ಬಾಯಿ ಬಿಡದೆ ಎರಡು ಬ್ರೆಡ್ಡು ಕೊಟ್ಟು ಹೋದ. ಕಪ್ಪು-ಬಿಳುಪು ಅಂದರೆ ಜನಕ್ಕೆ ತಾನಾಗಿಯೇ ಮರ್ಯಾದೆ ಬರುತ್ತದೆ.

ಕೊನೆಯದು ಅಮ್ಮ. ಮೆಟ್ಟಿಲ ಕಿಟಕಿಯ ಹತ್ತಿರ ಕೂತಿದ್ದಾಗ ತೆಗೆದದ್ದು. "ತಲೆ ಬಾಚ್ಕೊಂಡಿಲ್ಲ ಕಣೇ" ಎಂದು ಬೈಯುವ ಮೊದಲೇ ಗುಂಡಿ ಒತ್ತಿದೆ.

ನಿನ್ನ ಚೀಟಿಯಲ್ಲಿದ್ದ ಅಳತೆಗಳನ್ನೇ ಹಾಕಿದ್ದೇನೆ, ಒಂದು ಕೂದಲೆಳೆ ಆಚೀಚೆ ಮಾಡಿಲ್ಲ. ಹೇಗಿದೆ ಹೇಳು, ಆದರೆ ಹೊಗಳಿಕೆಯಿಂದ ಶುರು ಮಾಡು.

ಅಕ್ಕ


ಫೆಬ್ರುವರಿ ೧೫

ಅಕ್ಕ,

ಹೊಗಳಿಕೆ: ಬೀಗದವನ ಕೈಯ ಗೆರೆಗಳಲ್ಲಿ ಕಬ್ಬಿಣದ ಪುಡಿ ಕಾಣುತ್ತದೆ. ಅದೊಂದು ಪ್ರಿಂಟನ್ನು ನಮ್ಮ ಯಜಮಾನರ ಟೇಬಲ್ ಮೇಲೆ ಇಟ್ಟು ಬಂದೆ, ಅವರು ಕನ್ನಡಕ ಹಾಕಿಕೊಂಡು ನೋಡಿದರು. ನಮ್ಮಲ್ಲಿ ಅದು ದೊಡ್ಡ ಮಾತು.

ಒಂದೇ ತಕರಾರು ಅಮ್ಮನದು. ತುಟಿಯೂ ಕೆನ್ನೆಯೂ ಒಂದೇ ಬೂದು. ಕೆಂಪನ್ನು ಜಾಸ್ತಿ ಏರಿಸಿದ್ದೀಯ. ಒಂದು ಕೂದಲೆಳೆ ಆಚೀಚೆ ಇಲ್ಲ ಎಂದು ಬರೆದದ್ದು ನೋಡಿ ನಗು ಬಂತು, ಟೈಲರಮ್ಮನ ತುಟಿ ಸರಿಯಾಗಿಯೇ ಇದೆಯಲ್ಲ. ಅಮ್ಮನನ್ನು ಚೆಂದ ಮಾಡುವ ಆಸೆಗೆ ಕೈ ಜಾರಿರಬೇಕು.

ಅವಳದೊಂದು ಬಣ್ಣದ್ದೇ ಕಳಿಸಿಬಿಡು. ಊಟದ ಮೇಜಿನ ಎದುರು ಹಾಕಿಕೊಳ್ಳುತ್ತೇನೆ. ಎಷ್ಟಾದರೂ ಕಪ್ಪು-ಬಿಳುಪಿನಲ್ಲಿ ಅವಳು ಅಪ್ಪನ ಪಕ್ಕ ಹೋಗಿ ಕೂತ ಹಾಗೆ ಕಾಣುತ್ತಾಳೆ. ಅದು ನನಗೆ ಹಿಡಿಸಲಿಲ್ಲ.

ತಮ್ಮ


ಮಾರ್ಚ್ ೨

ಮಸಿಯಪ್ಪ,

ಬಣ್ಣದ್ದು ಇಲ್ಲ. ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಮಾತ್ರ ಎಂದು ಬೋರ್ಡು ಹಾಕಿ, ತಮ್ಮನಿಗೆ ಹಿಂಬಾಗಿಲಿನಿಂದ ಬಣ್ಣ ಕೊಟ್ಟರೆ ಜನ ಏನಂದಾರು?

ಅಮ್ಮನ ಫೋಟೋಕ್ಕೂ ನಿನ್ನ ಅಳತೆಯನ್ನೇ ಹಾಕಿದ್ದು. ನಂಬಿದರೆ ನಂಬು.

ಅಮ್ಮ ಚೆನ್ನಾಗಿದ್ದಾಳೆ. ಇಲ್ಲಿ ಸೆಕೆ ಶುರುವಾಗಿದೆ, ಅವಳಿಗೆ ಮಾತ್ರ ಚಳಿಯಂತೆ, ಸ್ವೆಟರ್ ಬಿಚ್ಚುವುದಿಲ್ಲ. ವಯಸ್ಸಾದವರ ಲೆಕ್ಕವೇ ಬೇರೆ.

ಅಕ್ಕ


ಮಾರ್ಚ್ ೯

ಅಕ್ಕ,

ನೇರವಾಗಿ ಕೇಳುತ್ತೇನೆ. ಅಮ್ಮನಿಗೆ ಏನಾಗಿದೆ?

ನಾನು ದಿನವಿಡೀ ಮಾಡುವುದು ಇದೇ ಕೆಲಸ. ಮುಖದ ಬಣ್ಣವನ್ನು ಯಾವಾಗ ತೆಗೆಯುತ್ತಾರೆ ಎಂದು ನನಗೆ ಗೊತ್ತು. ಕಣ್ಣು ಹಳದಿಯಾಗಿದ್ದರೆ, ಮುಖ ಕಪ್ಪಿಟ್ಟಿದ್ದರೆ, ಬಿದ್ದು ಏಟಾಗಿದ್ದರೆ, "ಕಪ್ಪು-ಬಿಳುಪು ಮಾಡ್ಬಿಡಿ ಸಾರ್, ಚೆನ್ನಾಗಿರುತ್ತೆ" ಅನ್ನುತ್ತಾರೆ. ಸ್ಟುಡಿಯೋ ಪೂರ್ತಿ ಬಣ್ಣ ಬಿಟ್ಟಿದ್ದು, ಅಮ್ಮನ ತುಟಿ ಅಳಿಸಿದ್ದು, ಈಗ ಒಂದೇ ಒಂದು ಬಣ್ಣದ ಫೋಟೋ ಕೇಳಿದರೆ ಬೋರ್ಡಿನ ನೆಪ. ನಾನೇನು ಹಾಲು ಕುಡಿಯುವ ಮಗುವೇ?

ದೂರದಲ್ಲಿದ್ದೇನೆ, ಕೈಯಲ್ಲಿ ಏನೂ ಆಗುವುದಿಲ್ಲ ಎಂದು ಮುಚ್ಚಿಡುತ್ತಿದ್ದರೆ ಅದು ತಪ್ಪು. ಅವಳು ನನಗೂ ಅಮ್ಮ.

ತಮ್ಮ


ಏಪ್ರಿಲ್ ೧೧

ತಮ್ಮನಿಗೆ,

ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಬೇಸರವಾಗಿದೆ ಎಂದರೆ ಸಣ್ಣ ಮಾತು, ಹೊಟ್ಟೆ ಉರಿದಿದೆ. ದಿನವೂ ಅವಳ ಜೊತೆ ಉಣ್ಣುವವಳು ನಾನು. ನೀನು ಅಲ್ಲಿ ಕೂತು ಪ್ರಿಂಟ್ ಹಿಡಿದುಕೊಂಡು ನನ್ನ ಕಳ್ಳತನ ಹಿಡಿಯುತ್ತೀಯ.

ತಗೋ ನಿನ್ನ ಬಣ್ಣ. ಪೆನ್‌ಡ್ರೈವ್ ಇಟ್ಟಿದ್ದೇನೆ. ಮೊನ್ನೆ ಬೆಳಿಗ್ಗೆ ಹಾಲು ಕುಡಿಯುತ್ತಿದ್ದಾಗ ತೆಗೆದದ್ದು. ಮೂಲ ಫೈಲ್ ಅಲ್ಲ, ನಾನೇ ಕೂತು ಬಣ್ಣ ಸರಿಮಾಡಿದ್ದೇನೆ. ಮುಖ ತೊಳೆಸದೆ ಅಮ್ಮನನ್ನು ಯಾರ ಮನೆಗೂ ಕಳಿಸುವವಳಲ್ಲ ನಾನು. ಕಣ್ತುಂಬ ನೋಡಿಕೋ. ಅವಳು ಬೆಳಗಿನ ಬಿಸಿಲಿನ ಹಾಗೆ ಚೆನ್ನಾಗಿದ್ದಾಳೆ.

ಅಕ್ಕ


ಏಪ್ರಿಲ್ ೧೭

ಅಕ್ಕ,

ಪೆನ್‌ಡ್ರೈವ್ ಬಂತು.

ಮುಖವನ್ನು ಹಿಗ್ಗಿಸಿ ನೋಡಿದೆ. ಅಮ್ಮನ ತುಟಿ ನೇರಳೆ ಬಣ್ಣಕ್ಕಿದೆ. ಕೆನ್ನೆ ನೀಲಿ. ಇದನ್ನು ನೀನು ಚೆನ್ನಾಗಿದ್ದಾಳೆ ಅನ್ನುತ್ತೀಯಾ? ಇದು ಹೃದಯದ್ದೋ ಶ್ವಾಸಕೋಶದ್ದೋ ಇರಬೇಕು, ಸಾಮಾನ್ಯದ್ದಲ್ಲ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಮ್ಮ ಎತ್ತಿ, "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ, ನೀನು ಊಟ ಮಾಡಿದ್ಯಾ?" ಎಂದು ಇಟ್ಟುಬಿಟ್ಟಳು. ನೀನು ಹೇಳಿಕೊಟ್ಟ ಪಾಠ ಎಂದು ಗೊತ್ತಾಯಿತು.

ರಜಕ್ಕೆ ಬರೆದುಕೊಟ್ಟಿದ್ದೇನೆ. ಒಳ್ಳೆಯ ಡಾಕ್ಟರಿಗೆ ತೋರಿಸು, ಇವತ್ತೇ.

ತಮ್ಮ


ಏಪ್ರಿಲ್ ೧೮

ಅಕ್ಕ,

ನಿನ್ನೆ ಬರೆದ ಕಾಗದ ಸಿಕ್ಕಿದ್ದರೆ ಹರಿದು ಹಾಕು.

ಇವತ್ತು ಬೆಳಿಗ್ಗೆ ಫೋಟೋವನ್ನು ಪೂರ್ತಿಯಾಗಿ ನೋಡಿದೆ. ನಿನ್ನೆ ಮುಖ ಬಿಟ್ಟು ಬೇರೇನೂ ಕಂಡಿರಲಿಲ್ಲ. ಅಮ್ಮನ ಹಿಂದಿನ ಸುಣ್ಣದ ಗೋಡೆ ನೀಲಿ. ಅವಳ ಬಿಳಿ ಸ್ವೆಟರ್ ನೀಲಿ. ಕೈಯಲ್ಲಿದ್ದ ಲೋಟದ ಹಾಲೂ ನೀಲಿ. ಅಮ್ಮನಿಗೆ ಕಾಯಿಲೆ ಬರಬಹುದು, ಹಾಲಿಗೂ ಬರುತ್ತದೆಯೇ? ಪರದೆಯ ಮುಂದೆ ಕೂತು ಜೋರಾಗಿ ನಕ್ಕೆ. ಪಕ್ಕದವನು ಹೆದರಿ ನೀರು ತಂದ.

ಹಾಲು ಬಿಳಿಯಾಗುವವರೆಗೆ ನೀಲಿ ಇಳಿಸಿದೆ. ಗೋಡೆ ಬೆಳ್ಳಗಾಯಿತು, ಸ್ವೆಟರ್ ಬೆಳ್ಳಗಾಯಿತು, ಅಮ್ಮ ಮನುಷ್ಯಳಾದಳು. ಮುಖ ಸ್ವಲ್ಪ ಸಪ್ಪೆ ಅನಿಸಿತು, ಅದಕ್ಕೆ ಕೆಂಪನ್ನು ಒಂದಿಷ್ಟು ಏರಿಸಿದೆ. ಪ್ರೆಸ್ಸಿನಲ್ಲಿ ಎಲ್ಲ ಮುಖಕ್ಕೂ ಹಾಗೆ ಮಾಡುತ್ತೇವೆ, ಇಲ್ಲದಿದ್ದರೆ ಕಾಗದದ ಮೇಲೆ ಜೀವ ಬರುವುದಿಲ್ಲ. ಈಗ ಲಕ್ಷಣವಾಗಿದ್ದಾಳೆ. ಒಂದು ಪ್ರಿಂಟ್ ನನ್ನ ಊಟದ ಮೇಜಿನ ಎದುರಿಗೆ, ಒಂದು ನಿನಗೆ ಇದರ ಜೊತೆ. ರಜ ವಾಪಸು ತೆಗೆದುಕೊಂಡೆ.

ಇನ್ನು ನಿನ್ನ ವಿಷಯ. ಇಷ್ಟು ನೀಲಿಯನ್ನು ನೀನೇ ಕೂತು ಹಾಕಿದ್ದೀಯ. ಕ್ಯಾಮೆರಾ ಮಾಡುವ ತಪ್ಪಲ್ಲ ಇದು. ಬೇಕರಿಯವನ ಫ್ರಿಜ್ಜಿನ ಮಾತು ಈಗ ಅರ್ಥವಾಯಿತು, ನಿನ್ನ ಬೋರ್ಡೂ ಅರ್ಥವಾಯಿತು. ಅಕ್ಕ, ನಿನಗೆ ಬಿಳಿ ಯಾವ ಬಣ್ಣವಾಗಿ ಕಾಣುತ್ತಿದೆ?

ತಮ್ಮ


ಜೂನ್ ೫

ಮಸಿಯಪ್ಪನಿಗೆ,

ನಿನ್ನ ಎರಡು ಕಾಗದಗಳೂ ಒಂದೇ ದಿನ ಬಂದವು. ಮೊದಲನೆಯದಕ್ಕೆ ಬೈದೆ. ಎರಡನೆಯದನ್ನು ಅಮ್ಮನಿಗೆ ಕಾಣದ ಹಾಗೆ ಪ್ರಿಂಟಿನ ಕಾಗದದ ಡಬ್ಬಿಯಲ್ಲಿ ಬಚ್ಚಿಟ್ಟೆ. ಇಷ್ಟು ದಿನ ತೆಗೆದೆ, ಓದಿದೆ, ಮತ್ತೆ ಇಟ್ಟೆ.

ಬಿಳಿ ಹಳದಿಯಾಗಿ ಕಾಣುತ್ತದೆ. ಹಳೇ ಚಹಾದ ಕಲೆಯಿರುವ ಬಟ್ಟೆಯ ಹಾಗೆ. ಎರಡು ವರ್ಷದಿಂದ ಮೆಲ್ಲಗೆ ಬಂದದ್ದು. ಬಿಳಿ ಅಂದರೆ ಹೇಗಿರಬೇಕು ಎಂದು ನನಗೆ ನೆನಪಿತ್ತು, ಪರದೆಯ ಮೇಲೆ ಬರುತ್ತಿರಲಿಲ್ಲ. ಬರುವವರೆಗೆ ನೀಲಿ ಸುರಿದೆ. ಕಪ್ಪು-ಬಿಳುಪಿನಲ್ಲಾದರೆ ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡೆ. ಅಪ್ಪನ ದಾರಿ, ಛಲ ಎಂದೆಲ್ಲ ನೀನು ಹೊಗಳಿದಾಗ ಅದನ್ನೇ ನಾನೂ ನಂಬಿಕೊಂಡು ಹಾಯಾಗಿದ್ದೆ.

ಡಾಕ್ಟರಿಗೆ ತೋರಿಸಿದ್ದೇನೆ. ಪೊರೆಯಂತೆ, ಎರಡೂ ಕಣ್ಣಿಗೆ. ಒಳಗಿನ ಮಸೂರ ಹಳದಿಗಟ್ಟಿದೆ ಎಂದರು. ಅಪ್ಪನ ಹಳದಿ ಗಾಜು ಬಂದು ನನ್ನ ಕಣ್ಣೊಳಗೇ ಕೂತಿದೆ.

ಹೆದರಿಕೆ ಆಪರೇಷನ್ನಿಗಲ್ಲ ಎಂದು ಬರೆಯಬೇಕು ಅನಿಸುತ್ತದೆ. ಬರೆದರೆ ಸುಳ್ಳಾಗುತ್ತದೆ. ಅಪ್ಪನ ಕಣ್ಣಿಗೆ ಕೈ ಹಾಕಿದ ಮೇಲೆ ಅವರು ಒಂದು ಫೋಟೋವನ್ನೂ ಫೋಕಸ್ ಮಾಡಲಿಲ್ಲ. ನಾವಿಬ್ಬರೂ ನಿಂತು ಕ್ಯಾಮೆರಾವನ್ನು ಬೀರುವಿಗೆ ಸೇರಿಸಿದೆವು, ಅವರ ಒಳ್ಳೆಯದಕ್ಕೇ. ನಿನಗೆ ತಿಳಿದರೆ ನೀನು ಬಂದು ನನ್ನ ಒಳ್ಳೆಯದಕ್ಕೆ ಅದೇ ಬೀರು ತೆಗೆಯುತ್ತೀಯ ಎಂದು ಭಯವಿತ್ತು. ಕ್ಯಾಮೆರಾ ಇಲ್ಲದೆ ಬೆಳಿಗ್ಗೆ ಎದ್ದು ನಾನು ಏನು ಮಾಡಲಿ?

ಇಷ್ಟೇ ಇದ್ದದ್ದು. ಅಮ್ಮನದೇನನ್ನೂ ನಾನು ಮುಚ್ಚಿಟ್ಟಿರಲಿಲ್ಲ. ನೀನು ಕಳಿಸಿದ ಪ್ರಿಂಟನ್ನು ಅವಳ ಹಾಸಿಗೆಯ ಮೇಲಿನ ಗೋಡೆಗೆ ಹಾಕಿದ್ದೇನೆ.

ಅಕ್ಕ


ಜೂನ್ ೧೨

ಅಕ್ಕ,

ಬೀರು ತೆಗೆಯುವವನು ಯಾರೂ ಇಲ್ಲ. ಅದರ ಬೀಗದ ಕೈ ಎಲ್ಲಿದೆ ಎಂಬುದೂ ನನಗೆ ಮರೆತಿದೆ.

ಅಪ್ಪನ ಕಾಲ ಬೇರೆ. ನಮ್ಮ ಯಜಮಾನರು ಎರಡೂ ಕಣ್ಣು ಮಾಡಿಸಿಕೊಂಡು ಈಗ ನನ್ನ ತಪ್ಪುಗಳನ್ನು ಬಾಗಿಲಲ್ಲಿ ನಿಂತೇ ಹಿಡಿಯುತ್ತಾರೆ. ಮಾಡಿಸಿಕೋ. ಮೊದಲು ಬಲಗಣ್ಣು, ನೀನು ಫೋಕಸ್ ಮಾಡುವ ಕಣ್ಣು. ಆಮೇಲೆ ಮೊದಲ ಬಣ್ಣದ ಫೋಟೋ ಅಮ್ಮನದೇ ಆಗಬೇಕು, ಹಾಲಿನ ಲೋಟದ ಸಮೇತ. ಹಾಲನ್ನು ಬಿಳಿ ಮಾಡುವವಳು ನೀನು, ಪರೀಕ್ಷೆ ಮಾಡುವವನು ನಾನು.

ಬರಲೇ ಎಂದು ಕೇಳಿದರೆ ಬೇಡ ಅನ್ನುತ್ತೀಯ. ಅಮ್ಮ ಜೊತೆಗಿದ್ದಾಳಲ್ಲ, ಧೈರ್ಯ.

ಪ್ರೀತಿಯಿಂದ, ಮಸಿಯಪ್ಪ


ಜುಲೈ ೨

ಮಸಿಯಪ್ಪ,

ಇದನ್ನು ಅಂಚೆಗೆ ಹಾಕಲು ತಾಳ್ಮೆಯಿಲ್ಲ, ಬರೆದು ಸ್ಕ್ಯಾನ್ ಮಾಡಿ ಇಮೇಲಿನಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಿಂದ ಏಳುವುದಿಲ್ಲ.

ನಿನ್ನೆ ಬಲಗಣ್ಣಿನ ಪಟ್ಟಿ ಬಿಚ್ಚಿದರು. ನರ್ಸಿನ ಕೋಟು ಎಷ್ಟು ಬೆಳ್ಳಗಿತ್ತೆಂದರೆ ನಾನು ಕೈಯಿಂದ ಮುಟ್ಟಿ ನೋಡಿದೆ, ಅವಳು ನಕ್ಕಳು. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದುತ್ತಾ ಬಂದೆ. ಬೇಕರಿಯವನು ಬಾಗಿಲಲ್ಲಿ ನಿಂತಿದ್ದ. ಅವನ ಮುಖ ಚೆನ್ನಾಗಿ ಕೆಂಪಗಿದೆ ಕಣೋ, ಅವನನ್ನು ನಾನು ನೀಲಿ ಮಾಡಿದ್ದೆ.

ಅಮ್ಮ ಮೆಟ್ಟಿಲ ಮಧ್ಯೆ ಕಿಟಕಿಯ ಹತ್ತಿರ ಕೂತು ಕಾಯುತ್ತಿದ್ದಳು. "ಕಾಣ್ತಾ ಇದೆಯೇನೇ?" ಅಂದಳು.

ಕಂಡಿತು. ಅವಳ ತುಟಿಯಲ್ಲಿ ಬಣ್ಣವೇ ಇಲ್ಲ. ಉಗುರುಗಳು ನಾವು ಪ್ರಿಂಟ್ ಹಾಕುವ ಕಾಗದದ ಹಾಗಿವೆ. ಹೊಸ ಕಣ್ಣು ಮುಚ್ಚಿ ಹಳೆಯ ಕಣ್ಣಿನಲ್ಲಿ ನೋಡಿದೆ, ನಾನು ದಿನವೂ ನೋಡುತ್ತಿದ್ದ ಅಮ್ಮ, ಬೆಚ್ಚಗೆ, ಬೆಳಗಿನ ಬಿಸಿಲಿನ ಹಾಗೆ. ಅದನ್ನು ಮುಚ್ಚಿ ಇದರಲ್ಲಿ ನೋಡಿದೆ, ಬಿಳಿಚಿಕೊಂಡ ಮುದುಕಿ. ಹೀಗೆ ನಾಲ್ಕಾರು ಸಲ ಮಾಡಿದೆ. "ಏನೇ ಇದು, ನನ್ನ ನೋಡಿ ಕಣ್ಣು ಹೊಡೀತೀಯ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಪಕ್ಕದ ಮೆಟ್ಟಿಲಲ್ಲಿ ಕೂತುಬಿಟ್ಟೆ.

ನನ್ನ ಕಣ್ಣಿನ ಹಳದಿ ಅವಳಿಗೆ ದಿನವೂ ಬಣ್ಣ ಬಳಿಯುತ್ತಿತ್ತು. ನಾನು ಸುಳ್ಳು ಬರೆಯಲಿಲ್ಲ ತಮ್ಮ, ನನಗೆ ಕಂಡಿದ್ದನ್ನೇ ಬರೆದೆ.

ಇವತ್ತು ಬೆಳಿಗ್ಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಮೈಯಲ್ಲಿ ರಕ್ತ ಇರಬೇಕಾದದ್ದರ ಅರ್ಧವೂ ಇಲ್ಲ. ಒಳಗೆಲ್ಲೋ ಸೋರುತ್ತಿರಬೇಕು, ಎಲ್ಲಿ ಎಂದು ನೋಡಬೇಕಂತೆ. ಸೋಮವಾರ ಸೇರಿಸಿಕೊಳ್ಳುತ್ತಾರೆ, ರಕ್ತ ಕೊಡುತ್ತಾರೆ. ಆಮೇಲಿನದು ಆಮೇಲೆ ಎಂದರು ಡಾಕ್ಟರು. ಅವಳು ಮೆಟ್ಟಿಲಲ್ಲಿ ಕೂರುತ್ತಿದ್ದುದು ಬೀದಿ ನೋಡಲಿಕ್ಕಲ್ಲ, ಮುಂದಿನ ಮೆಟ್ಟಿಲು ಹತ್ತಲು ಉಸಿರು ಸಾಲದೆ. ಚಳಿಯೂ ಅದಕ್ಕೇ. ಯಾಕೆ ಹೇಳಲಿಲ್ಲ ಅಂದರೆ, "ನಿನ್ನ ಕಣ್ಣಿಂದೇ ನಿಂಗೆ ದೊಡ್ಡದಾಗಿತ್ತಲ್ಲೇ. ಅದು ಮುಗೀಲಿ ಅಂತ ಸುಮ್ನಿದ್ದೆ" ಅಂದಳು. ನನ್ನ ಕಣ್ಣಿನ ವಿಷಯ ಅವಳಿಗೆ ಯಾವಾಗಲೋ ಗೊತ್ತಿತ್ತು. ನಾನು ಕಪ್ಪು ಅಂಗಿಗೆ ಕಡುನೀಲಿ ದಾರದಲ್ಲಿ ಗುಂಡಿ ಹೊಲಿದದ್ದನ್ನು ಬಿಚ್ಚಿ, ಸದ್ದಿಲ್ಲದೆ ಮತ್ತೆ ಹೊಲಿದಿಡುತ್ತಿದ್ದಳಂತೆ.

ಫೆಬ್ರುವರಿಯ ಪ್ರಿಂಟ್ ತೆಗೆದು ನೋಡಿದೆ. ತುಟಿಯೂ ಕೆನ್ನೆಯೂ ಒಂದೇ ಬೂದು ಎಂದು ಬರೆದಿದ್ದೆಯಲ್ಲ, ಹಾಗೇ ಇದೆ. ಅಳತೆ ನಿನ್ನದೇ, ನನ್ನ ಕೈ ಜಾರಿರಲಿಲ್ಲ. ಟೈಲರಮ್ಮನ ತುಟಿಯಲ್ಲಿ ರಕ್ತವಿತ್ತು, ಅಷ್ಟೇ ವ್ಯತ್ಯಾಸ. ಕಾಗದ ನಿಜವನ್ನೇ ಹೇಳಿತ್ತು, ನೀನು ನನ್ನನ್ನು ಬೈದೆ, ನಾನು ನಿನ್ನನ್ನು ಬೈದೆ.

ಅವಳ ಹಾಸಿಗೆಯ ಮೇಲೆ ನೀನು ಕಳಿಸಿದ ಪ್ರಿಂಟ್ ಇದೆ, ಲಕ್ಷಣವಾಗಿ ನಗುತ್ತಿದ್ದಾಳೆ. ಅದರ ಕೆಳಗೆ ಅಮ್ಮ ಈಗ ನಿದ್ದೆ ಮಾಡುತ್ತಿದ್ದಾಳೆ. ನಾನು ಎರಡನ್ನೂ ಹೊಸ ಕಣ್ಣಿನಲ್ಲಿ ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಆ ಫೈಲ್ ನಿನ್ನ ಹತ್ತಿರ ಇದೆಯಲ್ಲ, ತೆರೆ. ಹಾಲು ಬಿಳಿಯಾಗಿಯೇ ಇರಲಿ, ಅದನ್ನು ನೀನು ಸರಿಯಾಗಿಯೇ ಮಾಡಿದ್ದೆ. ಆಮೇಲೆ ಏರಿಸಿದ ಕೆಂಪನ್ನು ಮಾತ್ರ ಇಳಿಸು. ಇಳಿಸಿ ಅಮ್ಮನ ಮುಖ ಒಂದು ಸಲ ನೋಡು. ನೋಡಿದ ಮೇಲೆ ಉತ್ತರ ಬರೆಯುತ್ತಾ ಕೂರಬೇಡ, ಹೊರಟು ಬಾ.

ಅಕ್ಕ